ಸಾಳವಣೆಯ ಹಳೇ ಮಂದಿ

ಸಾಳವಣೆಯ ಅಣುವಿದ್ಯುತ್ ಸ್ಥಾವರ ಮುಚ್ಚಿದ ದಿನ ಅಲ್ಲಿ ದೊಡ್ಡ ಸಮಾರಂಭ ನಡೆಯಿತು. ಎರಡೂ ಘಟಕಗಳಿಗೆ ವಯಸ್ಸಾಗಿತ್ತು. ಇನ್ನು ರಿಪೇರಿ ಮಾಡಿ ನಡೆಸುವುದರಲ್ಲಿ ಅರ್ಥವಿಲ್ಲವೆಂದು ಮೇಲಿನವರು ತೀರ್ಮಾನಿಸಿದ್ದರು. ಕಾಯಂ ನೌಕರರಿಗೆ ಹಾರ, ಶಾಲು ಮತ್ತು ಬೇರೆ ಸ್ಥಾವರಕ್ಕೆ ವರ್ಗಾವಣೆಯ ಆದೇಶ ಸಿಕ್ಕವು. ಆ ಸಮಾರಂಭಕ್ಕೆ ಪೆಂಡಾಲು ಹಾಕಿ ಕುರ್ಚಿ ಜೋಡಿಸಿದವರು ಶಲವಡಿಯ ಗುತ್ತಿಗೆ ಮಂದಿ. ಭಾಷಣ ಮುಗಿದ ಮೇಲೆ ಕುರ್ಚಿಗಳನ್ನು ಪೇರಿಸಿ ಲಾರಿಗೆ ಹಾಕಿದವರೂ ಅವರೇ. ಕೊನೆಗೆ ಗೇಟಿನ ಹತ್ತಿರ ಸಾಲಾಗಿ ನಿಂತು, ತಮ್ಮ ಪಾಸುಗಳನ್ನೂ ಎದೆಗೆ ಸಿಕ್ಕಿಸಿಕೊಳ್ಳುತ್ತಿದ್ದ ಬ್ಯಾಜುಗಳನ್ನೂ ಕಾವಲುಗಾರನ ಮುಂದಿದ್ದ ತಟ್ಟೆಯಲ್ಲಿ ಹಾಕಿದರು. ನಾಳೆಯಿಂದ ಬರುವುದು ಬೇಡ ಎಂದು ಸೂಪರ್‌ವೈಸರ್ ಹೇಳಿದ. ಅವರಿಗೆ ವರ್ಗಾವಣೆ ಇರಲಿಲ್ಲ.

ಧಾರವಾಡ ಜಿಲ್ಲೆಯ ಶಲವಡಿಗೂ ರಾಜ್ಯದ ಗಡಿಯಾಚೆಯ ಸಾಳವಣೆಗೂ ನಂಟು ಬೆಳೆಸಿದವನು ಯಾಕೂಬಸಾಬ. ಅವನು ಖಲಾಸಿ, ಅಂದರೆ ಸರಪಳಿ, ರಾಟೆ, ಹಗ್ಗ ಕಟ್ಟಿ ಭಾರದ ಯಂತ್ರಗಳನ್ನು ಎತ್ತಿ ಸರಿಸುವ ಕೆಲಸದವನು. ಮೊದಲು ಒಬ್ಬನೇ ಹೋದ. ಮರುವರ್ಷ ಪಕ್ಕದ ಮನೆಯ ಈರಬಸಪ್ಪನನ್ನು ಕರೆದುಕೊಂಡು ಹೋದ. ಹೀಗೆ ಓಣಿಯ ಅರ್ಧದಷ್ಟು ಗಂಡಸರು ಅಲ್ಲಿಗೆ ಹೋಗತೊಡಗಿದರು. ಯಾಕೂಬಸಾಬನ ಹೆಂಡತಿ ರಜಿಯಾಬೇಗಂ ಕೂಡ ಹಿಂದೆಯೇ ಹೋಗಿ, ಒಳಗೆ ಕೆಲಸ ಮಾಡುವವರು ತೊಡುವ ಸೂಟುಗಳನ್ನು ಒಗೆಯುವ ವಿಭಾಗಕ್ಕೆ ಸೇರಿದಳು. ಒಂದು ಬೇಸಿಗೆ ಊರಿಗೆ ಬಂದಾಗ ಯಾಕೂಬಸಾಬ ಎದೆನೋವು ಬಂದು ತೀರಿಕೊಂಡ. ಮಂದಿಯನ್ನು ಕೂಡಿಸಿ ಕೆಲಸಕ್ಕೆ ಕರೆತರುವ ಮುಕಾದಮ ಅವನೇ ಆಗಿದ್ದರಿಂದ, ಆ ಜಾಗಕ್ಕೆ ಯಾರು ಎಂಬ ಮಾತು ಬಂತು. ಈರಬಸಪ್ಪ ರಜಿಯಾಳನ್ನು ತೋರಿಸಿ, "ಅಕ್ಕಾರ ಇರ್ತಾರ," ಎಂದ. ಹೆಂಗಸು ಮುಕಾದಮ ಎಂದು ಅಂದಿನ ಗುತ್ತಿಗೆದಾರ ನಕ್ಕ. ಆ ವರ್ಷದ ದುರಸ್ತಿ ಕೆಲಸ ಗಡುವಿಗೆ ಮುಂಚೆ ಮುಗಿದ ಮೇಲೆ ನಗುವುದನ್ನು ಬಿಟ್ಟ.

ಅಂಥ ಗ್ಯಾಂಗು ದೀಪಾವಳಿಯ ಹೊತ್ತಿಗೆ ಹಾಸಿಗೆ ಸುರುಳಿ, ಪಾತ್ರೆ ಚೀಲ ಹೊತ್ತು ಅಣ್ಣಿಗೇರಿಯಲ್ಲಿ ರೈಲು ಇಳಿದು ಊರಿಗೆ ಬಂತು.

ಊರು ಅವರನ್ನು ಹೇಗೆ ನೋಡಬೇಕೋ ತಿಳಿಯದೆ ಸ್ವಲ್ಪ ದಿನ ತಬ್ಬಿಬ್ಬಾಯಿತು. ಚಹಾದಂಗಡಿಯಲ್ಲಿ ಒಬ್ಬ, "ಕತ್ತಲ್ಯಾಗ ಮೈ ಹೊಳೀತೈತೇನ್ರಿ?" ಎಂದು ರಜಿಯಾಳನ್ನೇ ಕೇಳಿದ.

"ಹೊಳೀತಿದ್ರ ನಿಮ್ಮನಿ ಅಟ್ಟದ ಮ್ಯಾಲ ಬಂದು ಕುಂದರ್ತಿದ್ದೆ, ಲೈಟ್ ಬಿಲ್ಲರ ಉಳೀತಿತ್ತು," ಎಂದು ಅವಳು ಚಹಾ ಕುಡಿದು ಎದ್ದಳು.

ಕೆಲಸ ಸಿಗುವುದು ಮಾತ್ರ ನಗೆಯ ವಿಷಯವಾಗಿರಲಿಲ್ಲ. ಕಡಲೆ ಕೀಳುವ ದಿನಗಳಲ್ಲಿ ಎಲ್ಲರಿಗೂ ಹೊಲ ಸಿಕ್ಕಿತು, ಆಮೇಲೆ ಇಲ್ಲ. ಈರಬಸಪ್ಪ ಹಾಳಾದ ಬೋರ್‌ವೆಲ್ ಪಂಪು ಎತ್ತಲು ಹೋದ. ಅವನ ಅಕ್ಕನ ಮಗ ಹೇಮಂತ ಅಣ್ಣಿಗೇರಿಯ ಹತ್ತಿ ಮಿಲ್ಲಿನಲ್ಲಿ ಮೂಟೆ ಹೊರಲು ಸೇರಿದ. ಹೇಮಂತನಿಗೆ ಮೂವತ್ತು ದಾಟಿರಲಿಲ್ಲ. ಗ್ಯಾಂಗಿಗೆ ಸೇರಿ ಆರು ವರ್ಷವಾಗಿತ್ತು. ಸಾಳವಣೆಯಲ್ಲಿ ಹೆಲ್ಮೆಟ್ ಹಾಕಿ ಕ್ರೇನಿಗೆ ಕೈಸನ್ನೆ ಮಾಡುತ್ತಿದ್ದವನಿಗೆ ಇಲ್ಲಿ ಹತ್ತಿಯ ಧೂಳು ನುಂಗಿ ಕೆಮ್ಮು ಹತ್ತಿತು. ಅವನ ಹೆಂಡತಿ ಸೌಂದರ್ಯಾ ಮನೆಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ಇಬ್ಬರ ನಡುವೆ ಮಾತು ಕಡಿಮೆಯಾಗಿತ್ತು.

ಕಡಲೆ ರಾಶಿ ಮುಗಿಯುವ ಹೊತ್ತಿಗೆ ಮೈಲಾರಿ ಬಂದ.

ಮೈಲಾರಿ ಕಲಘಟಗಿ ಕಡೆಯ ತಂಬೂರದವನು. ಒಂಬತ್ತು ವರ್ಷ ಇದೇ ಗ್ಯಾಂಗಿನಲ್ಲಿ ಸರಪಳಿ ಎಳೆದಿದ್ದ. ಈಗ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬಾಡಿಗೆ ಕಾರಿನಲ್ಲಿ ಬಂದು ರಜಿಯಾಳ ಮನೆಯ ಮುಂದೆ ಇಳಿದ.

"ಬಾರಪಾ, ಕುಂದ್ರು," ಎಂದು ರಜಿಯಾ ಚಹಾಕ್ಕಿಟ್ಟಳು. "ಊಟಾ ಆತು?"

"ಆತ್ರಿ ಕಾಕಿ. ಒಂದು ಚೊಲೋ ಸುದ್ದಿ ತಂದೀನಿ. ಪ್ಲಾಂಟ್ ಒಡೀತಾರ."

"ಮುಚ್ಚಿದ್ದು ಸಾಲಲಿಲ್ಲೇನು?"

"ಮುಚ್ಚಿದ್ದನ್ನ ಹಂಗ ಬಿಡಾಕ ಬರೂದಿಲ್ರಿ. ಪೈಪು, ಪಂಪು, ಟ್ಯಾಂಕು ಎಲ್ಲಾ ಕೊಯ್ದು ಹೊರಗ ತರಬೇಕು. ವರ್ಷಾನುಗಟ್ಟಲೆ ಕೆಲಸ ಐತಿ. ನಾ ಈಗ ಆ ಗುತ್ತಿಗಿ ಹಿಡದವರ ಕಡೆ ಇದ್ದೀನಿ. ಖಲಾಸಿಗಳು ಬೇಕು ಅಂದ್ರು. ನಾ ಶಲವಡಿ ಹೆಸರು ಹೇಳಿದೆ."

ರಜಿಯಾ ಒಲೆಯ ಮುಂದೆ ಬೆನ್ನು ತಿರುಗಿಸಿಯೇ ನಿಂತಳು. ತನ್ನ ಮುಖ ಅರಳಿದ್ದು ಅವನಿಗೆ ಕಾಣಬಾರದೆಂದು ಹಾಗೆ ನಿಂತಿದ್ದಳು. ಚಹಾ ಸೋಸಿ ಕೊಟ್ಟ ಮೇಲೆ, "ಎಂದ ಬರಬೇಕು?" ಎಂದಳು.

"ಎರಡು ಮಾತು ಅದಾವ್ರಿ. ಐವತ್ತು ದಾಟಿದವರು ಬ್ಯಾಡ ಅಂತಾರ. ಮತ್ತ, ಬರೋರು ಹೊಸಬರು ಇರಬೇಕು."

"ಹೊಸಬರು ಅಂದ್ರ?"

"ಇದಕ್ಕೂ ಮೊದಲ ಅಣುಸ್ಥಾವರದಾಗ ಎಂದೂ ಕೆಲಸಾ ಮಾಡಿಲ್ಲ ಅನ್ನಬೇಕು. ಗಾಡಿ ಹತ್ತೂ ಮುಂದ ನಾ ಮೊಬೈಲ್ ಹಿಡದು ವಿಡಿಯೋ ತಗೀತೀನಿ. ಹೆಸರು, ಊರು, ನಾ ಹೊಸಬ ಇದ್ದೀನಿ. ಇಷ್ಟ ಹೇಳಿದ್ರ ಮುಗೀತು."

ರಜಿಯಾ ಮಣೆ ಎಳೆದುಕೊಂಡು ಎದುರಿಗೆ ಕೂತಳು. ಅವಳಿಗೆ ಅರ್ಥವಾಗದ ಮಾತಾಗಿರಲಿಲ್ಲ ಅದು. ಸ್ಥಾವರದ ಒಳಗೆ ಹೋದವರ ಮೈಮೇಲೆ ಎಷ್ಟು ವಿಕಿರಣ ಬಿತ್ತೆಂಬುದನ್ನು ಎದೆಯ ಮೇಲಿನ ಬ್ಯಾಜು ಅಳೆಯುತ್ತಿತ್ತು. ಡೋಸು ಎಂದು ಎಲ್ಲರೂ ಅದನ್ನು ಕರೆಯುತ್ತಿದ್ದರು. ವರ್ಷಕ್ಕೆ ಇಷ್ಟು, ಐದು ವರ್ಷಕ್ಕೆ ಇಷ್ಟು ಎಂದು ಮಿತಿಯಿತ್ತು. ಅದರ ಹತ್ತಿರ ಬಂದವನನ್ನು ಹೊರಗಿನ ಕೆಲಸಕ್ಕೆ ಹಾಕುತ್ತಿದ್ದರು. ಹೊಸಬನೆಂದು ಬರೆಸಿದರೆ ಹಳೆಯದನ್ನು ತೆಗೆದು ನೋಡುವವರಿಲ್ಲ, ಲೆಕ್ಕ ಮೊದಲಿಂದ ಶುರು; ಅವನನ್ನು ಬೇಕಾದಷ್ಟು ಹೊತ್ತು ಒಳಗೆ ನಿಲ್ಲಿಸಬಹುದು.

"ಅಂದ್ರ ಹಳೇ ಡೋಸು ಮರತು ಮತ್ತ ಅದ ಮೈಮ್ಯಾಲ ಹಾಕಾವ್ರು," ಎಂದಳು.

ಮೈಲಾರಿ ಬಸಿಯಲ್ಲಿದ್ದ ಚಹಾ ನೋಡುತ್ತ ಕೂತ. "ನಾಳೆ ಯಾರಿಗರ ಏನರ ಆದ್ರ ಹಳೇದಕ್ಕ ನಾವು ಜವಾಬ್ದಾರರಲ್ಲ ಅಂತಾರ್ರಿ. ಹಳೇ ಗುತ್ತಿಗೆದಾರಂದು ನಮ್ಮ ಕೊರಳಿಗೆ ಯಾಕ ಅಂತಾರ."

"ನೀನೂ ಹೊಸಬ ಅಂತ ಹೇಳಿದಿ?"

ಅವನು ಬಸಿಯನ್ನು ಕೆಳಗಿಟ್ಟು, "ಹೇಳೀನ್ರಿ ಕಾಕಿ," ಎಂದ. "ಹೇಳದಿದ್ರ ನನಗೂ ಮನಿ ದಾರಿ ತೋರಸ್ತಿದ್ರು. ನಿಮಗ ಮುಕಾದಮಕಿ ಇಟ್ಟಾರ. ನೀವು ಒಳಗ ಹೋಗೂದೇ ಬ್ಯಾಡ, ಮಂದೀನ ಕರಕೊಂಡ ಬಂದ್ರ ಸಾಕು. ನಿಮ್ಮ ವಯಸ್ಸು ಯಾರೂ ಕೇಳೂದಿಲ್ಲ."

"ಈರಬಸಪ್ಪಣ್ಣನ ವಯಸ್ಸು ಕೇಳ್ತಾರ, ನಂದು ಕೇಳೂದಿಲ್ಲ. ಬರೋಬ್ಬರಿ ಐತಿ." ರಜಿಯಾ ಎದ್ದಳು. "ನಮ್ಮನಿಯವರು ಆಯುಷ್ಯದಾಗಿನ ಅರ್ಧಾ ಅಲ್ಲೇ ಕಳದ್ರು. ಅವರ ಕೈಯಾಗ ಕೆಲಸಾ ಕಲತ ಹುಡುಗೂರಿಗೆ, ನೀವು ಅಲ್ಲಿ ಇರಲೇ ಇಲ್ಲ ಅಂತ ಹೇಳ್ರಪಾ ಅಂತ ನಾ ಕಲಿಸಬೇಕೇನು? ಆಗೂದಿಲ್ಲ ಮೈಲಾರಿ. ಚಾ ಕುಡದು ಹೋಗು."

ಮೈಲಾರಿ ಚಹಾ ಮುಗಿಸಿದ. ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತ, "ನೀವು ಕರೀದಿದ್ರ ನಾ ಕರೀತೀನ್ರಿ. ಶುಕ್ರವಾರ ಮುಂಜಾನೆ ಬಸ್ ಸ್ಟ್ಯಾಂಡಿಗೆ ಗಾಡಿ ಬರತೈತಿ," ಎಂದು ಹೇಳಿ ಹೋದ.

ಅಂದು ಸಂಜೆಯೊಳಗೆ ಸುದ್ದಿ ಗ್ಯಾಂಗಿನ ಎಲ್ಲ ಮನೆಗಳಿಗೂ ಮುಟ್ಟಿತು. ಮರುದಿನ ಎಲ್ಲರೂ ಈರಬಸಪ್ಪನ ಮನೆಯಂಗಳದಲ್ಲಿ ಸೇರಿದರು. ಈರಬಸಪ್ಪ ಕಡಿಮೆ ಮಾತಿನವನು; ಹಣೆಗೆ ವಿಭೂತಿ ಹಚ್ಚಿಕೊಂಡು ಕಂಬಕ್ಕೊರಗಿ ಕೂತಿದ್ದ. ಅವನ ಹೆಂಡತಿ ಮಲ್ಲಕ್ಕ ಬಾಗಿಲಲ್ಲಿ ಕೂತು ಕಡಲೆ ಹಸನು ಮಾಡುತ್ತಿದ್ದಳು.

ಹೇಮಂತ ನೇರವಾಗಿ ವಿಷಯಕ್ಕೆ ಬಂದ. "ನಾ ಹೋಗಾವ. ಮಿಲ್ಲಿನ್ಯಾಗ ಇನ್ನೊಂದು ವರ್ಷ ಇದ್ರ ನನ್ನ ಎದೀನ ಉಳಿಯೂದಿಲ್ಲ. ಒಂದು ಮಾತು ಸುಳ್ಳು ಹೇಳೂದು, ಅಷ್ಟಕ್ಕ ಇಷ್ಟ್ಯಾಕ?"

ಇನ್ನೂ ನಾಲ್ಕಾರು ಮಂದಿ ತಲೆಯಾಡಿಸಿದರು. ಅವರ ಮನೆಯ ಪರಿಸ್ಥಿತಿ ರಜಿಯಾಳಿಗೆ ಗೊತ್ತಿತ್ತು.

"ಹೇಮಂತ, ನಿನ್ನ ಡೋಸು ಎಷ್ಟಾಗಿತ್ತು ಹೋದ ವರ್ಷ?" ಎಂದು ಕೇಳಿದಳು.

"ಭಾಳ ಆಗಿತ್ತು. ಎರಡು ತಿಂಗಳು ಹೊರಗ ಹಾಕಿದ್ರು."

"ಯಾಕ ಹಾಕಿದ್ರು? ನಿನ್ನ ಮ್ಯಾಲಿನ ಪ್ರೀತೀಗೆ? ಆ ಲೆಕ್ಕಾ ಇತ್ತು, ಅದಕ್ಕ ಹಾಕಿದ್ರು. ಈಗ ನೀನ ಬಾಯಿಲೆ ಅದನ್ನ ಅಳಸಿ ಹಾಕಿದ್ರ ಯಾರು ಹೊರಗ ಹಾಕ್ತಾರ? ಮೊಬೈಲಿಗೆ ಸುಳ್ಳು ಹೇಳಬಹುದು, ಮೈಗೆ ಹೇಳಾಕ ಬರತೈತಿ?"

ಮೂಲೆಯಿಂದ ಒಬ್ಬ, "ಕಾಕಿ, ನೀವು ವಯಸ್ಸಾದವರ ಸಲುವಾಗಿ ಜಗಳಾ ಹೂಡೀರಿ. ಎಳೇ ಮಂದಿ ಏನ ಮಾಡಬೇಕು?" ಎಂದ.

ಮಲ್ಲಕ್ಕ ಮೊರ ಕೆಳಗಿಟ್ಟಳು. "ನನ್ನ ಗಂಡನ್ನ ಬ್ಯಾಡ ಅಂದಾರ, ಅದರ ಮಾತು ಬಿಡ್ರಿ. ಅವರು ಇಲ್ಲೇ ಕುಂತು ರೊಟ್ಟಿ ತಿಂತಾರ. ಆದ್ರ ಇಪ್ಪತ್ತು ವರ್ಷ ನಾ ಒಬ್ಬಾಕಿನ ಈ ಮನಿ ಹಿಡದೀನಿ. ಗಂಡ ಎಲ್ಲೆ ಅದಾನ ಅಂದವ್ರಿಗೆ ಸಾಳವಣ್ಯಾಗ ಅಂತ ಹೇಳೀನಿ. ಈಗ ಆತ ಅಲ್ಲಿ ಇರಲೇ ಇಲ್ಲ ಅಂದ್ರ, ನಾ ಇಷ್ಟು ವರ್ಷ ಯಾರ ದಾರಿ ಕಾದೆ?"

ಈರಬಸಪ್ಪ ಗಂಟಲು ಸರಿಮಾಡಿಕೊಂಡು, "ಹೋಗಾವ್ರ ಮ್ಯಾಲ ನನಗ ಸಿಟ್ಟಿಲ್ಲ," ಎಂದ. "ಹೇಮಂತ, ನಿನಗ ಹೋಗಬೇಕನಸಿದ್ರ ಹೋಗು. ಮಾಮಾ ಏನ ಅಂತಾನ ಅಂತ ನೋಡಬ್ಯಾಡ."

"ನಾನೂ ಯಾರನ್ನೂ ಕೈ ಹಿಡದು ನಿಲ್ಲಸೂದಿಲ್ಲ," ಎಂದಳು ರಜಿಯಾ. "ಆದ್ರ ಶುಕ್ರವಾರ ನಾನೂ ಬಸ್ ಸ್ಟ್ಯಾಂಡಿಗೆ ಬರ್ತೀನಿ. ನನಗೂ ಆ ಮೊಬೈಲ್ ಮುಂದ ಮಾತಾಡೂದೈತಿ."

ಶುಕ್ರವಾರ ಬೆಳಿಗ್ಗೆ ಬಸ್ ನಿಲ್ದಾಣದ ಮುಂದೆ ಬಿಳಿಯ ಮಿನಿ ಬಸ್ಸು ಬಂದು ನಿಂತಿತು. ನವಲಗುಂದಕ್ಕೆ ಹೋಗುವವರು, ಕಾಲೇಜಿನ ಹುಡುಗಿಯರು, ಹಾಲಿನ ಕ್ಯಾನಿನವರು ಸುತ್ತ ನಿಂತಿದ್ದರು. ಮೈಲಾರಿ ಒಬ್ಬೊಬ್ಬರನ್ನೇ ಬಸ್ಸಿನ ಬಾಗಿಲ ಬಳಿ ನಿಲ್ಲಿಸಿ ಮೊಬೈಲ್ ಹಿಡಿಯುತ್ತಿದ್ದ. ಮೊದಲ ಕೆಲವರು ನೆಲ ನೋಡುತ್ತ, ಹೆಸರು ಊರು ಹೇಳಿ, "ಹೊಸಬ ಇದ್ದೀನ್ರಿ," ಎಂದು ಗಡಬಡಿಸಿ ಬಸ್ಸು ಹತ್ತಿದರು. ಅವರಲ್ಲಿ ಒಬ್ಬನ ಬಲಗೈಯ ಕಿರುಬೆರಳು ಸಾಳವಣೆಯ ರಾಟೆಗೆ ಸಿಕ್ಕು ತುಂಡಾಗಿತ್ತು. ಅವನು ಆ ಕೈಯನ್ನು ಕಿಸೆಯಲ್ಲಿಟ್ಟುಕೊಂಡೇ ಮಾತಾಡಿದ.

ಹೇಮಂತನ ಸರದಿ ಬರಬೇಕಿತ್ತು. ಅವನನ್ನು ಕಳಿಸಲು ಬಂದಿದ್ದ ಸೌಂದರ್ಯಾ ಅವನ ಚೀಲ ಹಿಡಿದು ನಿಂತಿದ್ದಳು. ಅಷ್ಟರಲ್ಲಿ ರಜಿಯಾ ಸಾಲು ದಾಟಿ ಮುಂದೆ ಬಂದಳು.

"ಕಾಕಿ, ನಿಮ್ಮದು ಬೇಕಾಗಿಲ್ರಿ," ಎಂದ ಮೈಲಾರಿ.

"ನನಗ ಬೇಕಾಗೇತಿ. ಹಿಡಿ."

ಅವನು ಮೊಬೈಲನ್ನು ಕೆಳಗಿಳಿಸಿ ಕಿಸೆಯಲ್ಲಿಟ್ಟುಕೊಂಡ. ರಜಿಯಾ ಅಲ್ಲೇ ನಿಂತಳು.

ಸೌಂದರ್ಯಾ ಚೀಲವನ್ನು ನೆಲಕ್ಕಿಟ್ಟು ತನ್ನ ಮೊಬೈಲನ್ನು ಎತ್ತಿ ಹಿಡಿದಳು. "ಇಲ್ಲೆ ಹೇಳ್ರಿ ಅತ್ತಿ," ಎಂದಳು. "ನಾ ಹಿಡದೀನಿ."

ಹೇಮಂತ ಹೆಂಡತಿಯ ಕಡೆ ತಿರುಗಿ ನೋಡಿದ. ಅವಳು ಅವನನ್ನು ನೋಡಲಿಲ್ಲ.

ರಜಿಯಾ ಸೆರಗು ತಲೆಯ ಮೇಲೆ ಸರಿಪಡಿಸಿಕೊಂಡಳು. ಅವಳ ದನಿ ಸಣ್ಣದಲ್ಲ. ಒಗೆಯುವ ಯಂತ್ರಗಳ ಸದ್ದಿನ ನಡುವೆ ಮಾತಾಡಿ ರೂಢಿಯಾದ ದನಿ.

"ನನ್ನ ಹೆಸರು ರಜಿಯಾಬೇಗಂ. ಊರು ಶಲವಡಿ. ನಾ ಸಾಳವಣೆ ಪ್ಲಾಂಟಿನ್ಯಾಗ ಹತ್ತೊಂಬತ್ತು ವರ್ಷ ಇದ್ದೆ. ಒಳಗ ಹೋಗಾವ್ರ ಸೂಟು ಒಗದೀನಿ, ಒಗದ ಮ್ಯಾಲ ವಿಕಿರಣ ಅಳಿಯೂ ಮಿಷಿನ್ ಹಿಡದು ನೋಡೀನಿ, ಸ್ವಚ್ಛ ಆಗದಿದ್ದು ಮತ್ತ ಒಗದೀನಿ. ನನ್ನ ಗಂಡ ಯಾಕೂಬಸಾಬ ಅಲ್ಲಿ ಖಲಾಸಿ ಇದ್ದ. ಪ್ಲಾಂಟ್ ಮುಚ್ಚಿದ್ರು. ಮುಚ್ಚಲಿ, ಹಳೇದಾಗಿತ್ತು. ಒಡಿಯಾಕ ಮತ್ತ ನಮ್ಮನ್ನ ಕರದಾರ. ಬರ್ತೀವಿ. ಆದ್ರ ನೀವು ಅಲ್ಲಿ ಎಂದೂ ಇರಲಿಲ್ಲ ಅಂತ ಹೇಳ್ರಿ ಅಂತಾರ. ನಾವು ಇದ್ದೆವು. ಅಲ್ಲೇ ಇದ್ದೆವು. ನಾ ಹೊಸಬಾಕಿ ಅಲ್ಲ."

ಅವಳು ಪಕ್ಕಕ್ಕೆ ಸರಿದಳು. ಕಟ್ಟೆಯ ಮೇಲೆ ಕೂತಿದ್ದ ಈರಬಸಪ್ಪ ಟವೆಲು ಹೆಗಲಿಗೆ ಹಾಕಿಕೊಂಡು ಬಂದು ಅದೇ ಜಾಗದಲ್ಲಿ ನಿಂತ. ತನ್ನ ಹೆಸರು, ಊರು ಹೇಳಿದ. ಒಂದನೆಯ ಘಟಕದ ದೊಡ್ಡ ಪಂಪನ್ನು ಎರಡು ಸಲ ಕಳಚಿ ಎರಡು ಸಲ ಕೂರಿಸಿದ್ದನ್ನು ಹೇಳಿದ. ಜೊತೆಗಿದ್ದವರ ಹೆಸರುಗಳನ್ನು ಒಂದೊಂದಾಗಿ ಹೇಳುತ್ತ ಹೋದ. ಆ ಹೆಸರುಗಳಲ್ಲಿ ಬಸ್ಸು ಹತ್ತಿ ಕೂತವರದೂ ಇದ್ದವು. "ಮೈಲಾರಿ, ತಂಬೂರದಾವ," ಎಂದೂ ಹೇಳಿದ. "ಚೊಲೋ ಕೆಲಸಗಾರ. ಒಮ್ಮೆ ಸರಪಳಿ ಜಾರಿದಾಗ ನನ್ನ ರಟ್ಟಿ ಹಿಡದು ಹಿಂದಕ್ಕ ಜಗ್ಗಿದ. ಇಲ್ಲಾಂದ್ರ ನಾ ಇವತ್ತ ಇರ್ತಿದ್ದಿಲ್ಲ."

ಮೈಲಾರಿಯ ಮುಖ ಕೆಂಪಗಾಯಿತು. "ಅಣ್ಣಾ, ಯಾಕ ಹಿಂಗ ಮಾಡ್ತೀರಿ," ಎಂದು ಸಣ್ಣಗೆ ಹೇಳಿದ.

ಬೆರಳು ತುಂಡಾದವನು ಬಸ್ಸಿನಿಂದ ಇಳಿದು ಬಂದ. ಈ ಸಲ ಕಿಸೆಯಿಂದ ಕೈ ತೆಗೆದು ಸೌಂದರ್ಯಾಳ ಮೊಬೈಲಿನ ಮುಂದೆ ಹಿಡಿದ. ಅವನ ಹಿಂದೆ ಮತ್ತಿಬ್ಬರು ಇಳಿದರು. ಉಳಿದ ಇಬ್ಬರು ಕಿಟಕಿಯಿಂದ ಆಚೆ ಮುಖ ಮಾಡಿ ಕೂತರು.

ಹೇಮಂತ ಬಹಳ ಹೊತ್ತು ಕದಲಲಿಲ್ಲ. ಈರಬಸಪ್ಪ ಅವನ ಕಡೆ ನೋಡದೆ ಹೋಗಿ ಹಾಲಿನವನ ಜೊತೆ ಏನೋ ಮಾತಿಗಿಳಿದ. ಕೊನೆಗೆ ಹೇಮಂತ ಹೆಂಡತಿಯ ಮುಂದೆ ನಿಲ್ಲದೆ ಮೈಲಾರಿಯ ಮುಂದೆ ಹೋಗಿ ನಿಂತ.

"ನಿನ್ನ ಮೊಬೈಲ್ ತಗಿ ಅಣ್ಣಾ. ನಿಮ್ಮ ಸಾಹೇಬ್ರಿಗೆ ಮುಟ್ಟಬೇಕು."

ಮೈಲಾರಿ ಏನೋ ನಿರೀಕ್ಷೆಯಿಂದ ಮೊಬೈಲ್ ತೆಗೆದ. ಹೇಮಂತ ಹೆಸರು ಹೇಳಿ, ಊರು ಹೇಳಿ, "ಆರು ವರ್ಷ ಸಾಳವಣ್ಯಾಗ ಇದ್ದೀನಿ. ಕೆಲಸಾ ಬೇಕು. ಹಳಬ ಅಂತ ತಗೊಂಡ್ರ ನಾಳೆ ಬರ್ತೀನಿ," ಎಂದ.

"ಇನ್ನೊಮ್ಮೆ ಹೇಳು. ಇದು ನಡಿಯೂದಿಲ್ಲ."

"ಇದ ಬರೋಬ್ಬರಿ ಐತಿ," ಎಂದು ಹೇಮಂತ ನೆಲದ ಮೇಲಿದ್ದ ಚೀಲ ಎತ್ತಿಕೊಂಡ.

ಮಿನಿ ಬಸ್ಸು ಇಬ್ಬರನ್ನು ಹೊತ್ತು ಹೋಯಿತು.

ಸೌಂದರ್ಯಾ ಆ ವಿಡಿಯೋವನ್ನು ಮೊದಲು ಕಳಿಸಿದ್ದು ಕುಂದಗೋಳ ಹತ್ತಿರದ ತನ್ನ ತವರಿಗೆ. ಅಲ್ಲಿಂದ ಅದು ಎಲ್ಲೆಲ್ಲಿಗೋ ಹೋಯಿತು. ಮೂರು ದಿನದಲ್ಲಿ ತಂಬೂರದ ಚಹಾದಂಗಡಿಗಳಲ್ಲಿ ಜನ ಅದನ್ನು ನೋಡುತ್ತಿದ್ದರು. ಮೈಲಾರಿ ಹೊಸ ಮಂದಿಯನ್ನು ಹುಡುಕಲು ತನ್ನ ಊರಿಗೇ ಹೋದಾಗ, ಅವನ ಓಣಿಯವರೇ, "ನೀನೂ ಅಲ್ಲಿದ್ದಿ ಅಂತ ಆ ಮುದುಕ ಹೇಳ್ಯಾನಲ್ಲಪಾ," ಎಂದು ಕೇಳಿದರಂತೆ.

ಗುತ್ತಿಗೆದಾರನ ಆಫೀಸಿನಿಂದ ರಜಿಯಾಳಿಗೆ ಫೋನು ಬಂತು. ಕಂಪನಿಯ ಹೆಸರು ಕೆಡಿಸಿದ್ದಕ್ಕೆ ಕೇಸು ಹಾಕುತ್ತೇವೆ ಎಂದು ಒಬ್ಬ ಹಿಂದಿಯಲ್ಲಿ ಹೇಳಿದ. ರಜಿಯಾ ಅವನ ಭಾಷೆಯಲ್ಲೇ ಸಮಾಧಾನವಾಗಿ ಉತ್ತರ ಕೊಟ್ಟಳು: ಹಾಕಿ, ನಾನು ಸಾಳವಣೆಯಲ್ಲಿ ಕೆಲಸ ಮಾಡಿದ್ದೆನೋ ಇಲ್ಲವೋ ಎಂದು ನೀವೇ ಕೋರ್ಟಿನಲ್ಲಿ ಕೇಳಿ. ಅವನು ಫೋನು ಇಟ್ಟ. ಕೇಸು ಬರಲಿಲ್ಲ.

ಆದರೆ ಕೆಲಸವೂ ಬರಲಿಲ್ಲ. ಬೇಸಿಗೆ ಉದ್ದವಾಗಿ ಹೋಯಿತು. ಹೇಮಂತ ಮಿಲ್ಲಿಗೆ ಮರಳಿ ಹೋದ. ಬೆಳಿಗ್ಗೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಹೊರಡುವಾಗ ರಜಿಯಾಳ ಮನೆಯ ಮುಂದೆ ಸೈಕಲ್ ನಿಧಾನ ಮಾಡುತ್ತಿದ್ದ, ಮಾತಾಡುತ್ತಿರಲಿಲ್ಲ. ಬಸ್ಸಿನಿಂದ ಇಳಿದ ಒಬ್ಬನ ಹೆಂಡತಿ ನಳದ ಬಳಿ ರಜಿಯಾಳಿಗೆ ಕೇಳಿಸುವಂತೆ, "ಮಂದಿ ಮನಿ ಒಲಿ ಆರಿಸಿ ದೊಡ್ಡಾಕಿ ಆದ್ಲು," ಎಂದಳು. ಅವತ್ತು ರಜಿಯಾ ಖಾಲಿ ಕೊಡಗಳನ್ನು ಅಲ್ಲೇ ಬಿಟ್ಟು ಮನೆಗೆ ಬಂದು, ಬಾಗಿಲು ಮುಂದಕ್ಕೆ ಮಾಡಿ ಕೂತುಬಿಟ್ಟಳು.

ಮಲ್ಲಕ್ಕ ಆ ಕೊಡಗಳನ್ನು ತುಂಬಿಸಿ ತಂದಿಟ್ಟಳು. "ಕೈ ಸೋತವು?" ಎಂದಳು.

"ನಾ ತಪ್ಪು ಮಾಡಿದ್ನೇನು ಮಲ್ಲಕ್ಕ?"

"ಆಕಿ ಹೊಟ್ಟಿ ಉರದು ಅಂದಾಳ. ಆಕಿ ಅಂದದ್ದೂ ಖರೇನ, ನೀವು ಮಾಡಿದ್ದೂ ಖರೇನ. ಏಳ್ರಿ, ಮುಖಾ ತೊಳಕೋರಿ."

ರಜಿಯಾ ಎದ್ದು ಮುಖ ತೊಳೆದಳು. ಸಂಜೆ ಒಂದು ಡಬ್ಬಿಯಲ್ಲಿ ಕಡಲೆ ತುಂಬಿಕೊಂಡು ಆ ಹೆಂಗಸಿನ ಮನೆಗೆ ಹೋದಳು. ಕ್ಷಮೆ ಕೇಳಲಿಲ್ಲ, ಅವಳ ಅಡುಗೆಮನೆಯಲ್ಲಿ ಕೂತು ಒಂದು ಗಂಟೆ ಮಾತಾಡಿ ಬಂದಳು.

ಮುಂಗಾರು ಹಿಡಿದು, ಎರೆಹೊಲಗಳಲ್ಲಿ ಹೆಸರು ಮೊಳಕೆಯೊಡೆದಾಗ ಸ್ಥಾವರದ ಸುರಕ್ಷತಾ ಅಧಿಕಾರಿಯೊಬ್ಬರು ಫೋನು ಮಾಡಿದರು. ವಿಡಿಯೋ ಅವರ ತನಕ ಹೋಗಿತ್ತು. ಯಾರು ಯಾರು, ಎಷ್ಟು ವರ್ಷ, ಯಾವ ವಿಭಾಗ ಎಂದು ಕೇಳಿಕೊಂಡರು. ಹಳಬರನ್ನು ಹೊಸಬರೆಂದು ಒಳಗೆ ಬಿಡುವುದು ಸಾಧ್ಯವೇ ಇಲ್ಲ, ಗುತ್ತಿಗೆದಾರ ಹೀಗೆ ಮಾಡುತ್ತಿದ್ದದ್ದು ತಮಗೆ ತಿಳಿದಿರಲಿಲ್ಲ ಎಂದರು. ಅವರ ಮಾತನ್ನು ನಂಬಬೇಕೋ ಬೇಡವೋ ರಜಿಯಾಳಿಗೆ ತಿಳಿಯಲಿಲ್ಲ. ಆದರೂ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು.

ಹದಿನೈದು ದಿನದಲ್ಲಿ ಮಂದಿಗೆ ಕರೆ ಬಂತು. ಹಳೆಯ ಡೋಸಿನ ಲೆಕ್ಕ ಹಾಗೇ ಮುಂದುವರಿಯುತ್ತದೆ. ವರ್ಷಕ್ಕೊಮ್ಮೆ ವೈದ್ಯರ ತಪಾಸಣೆ, ಕೆಲಸ ಬಿಟ್ಟ ಮೇಲೂ. ವಯಸ್ಸಿನ ಮಿತಿ ತೆಗೆದರು. ವೈದ್ಯರು ಒಪ್ಪಿದರೆ ಸಾಕು. ಬಸ್ಸಿನಲ್ಲಿ ಮೊದಲೇ ಹೋಗಿದ್ದ ಇಬ್ಬರ ಹಳೆಯ ಲೆಕ್ಕವನ್ನೂ ತೆಗೆಸಿ, ಅವರನ್ನು ಒಳಗಿನ ಕೆಲಸದಿಂದ ಹೊರಗೆ ಹಾಕಿದರು. ಅವರಲ್ಲೊಬ್ಬ ಫೋನು ಮಾಡಿ, "ಕಾಕಿ, ನನ್ನನ್ನ ಎಲ್ಲೆಲ್ಲಿ ನಿಲ್ಲಿಸಿದ್ರು ಅಂತ ಈಗ ಕೇಳಾಕತ್ತಾರ," ಎಂದ.

ಈರಬಸಪ್ಪನನ್ನು ವೈದ್ಯರು ಒಳಗಿನ ಕೆಲಸಕ್ಕೆ ಒಪ್ಪಲಿಲ್ಲ. ಹೊರಗಿನ ಅಂಗಳದಲ್ಲಿ ಹೊಸ ಹುಡುಗರಿಗೆ ರಾಟೆ ಕಟ್ಟುವುದನ್ನು ಕಲಿಸಲು ಕರೆದರು. "ಅದು ಖರೇ ಲೆಕ್ಕಾ," ಎಂದು ಅವನು ಒಪ್ಪಿಕೊಂಡ. "ಖರೇ ಲೆಕ್ಕಕ್ಕ ನನ್ನ ತಕರಾರಿಲ್ಲ."

ರಜಿಯಾಳಿಗೆ ಮಾತ್ರ ಕರೆ ಬರಲಿಲ್ಲ. ಮಂದಿಯನ್ನು ಯಾರು ಕರೆತರಬೇಕೆಂಬುದು ಗುತ್ತಿಗೆದಾರನ ಇಷ್ಟವಾಗಿತ್ತು. ಅವಳನ್ನು ಬಿಟ್ಟು ಉಳಿದವರೆಲ್ಲ ಬರಲಿ ಎಂದು ಅವನು ಹೇಳಿ ಕಳಿಸಿದ್ದ.

ಗ್ಯಾಂಗು ಅವಳ ಮನೆಯಲ್ಲಿ ಸೇರಿತು. ಹೇಮಂತ, "ನೀವಿಲ್ಲದ ನಾವು ಹೋಗೂದಿಲ್ರಿ ಕಾಕಿ," ಎಂದ.

"ಯಾಕ? ಅಲ್ಲಿ ನಾ ನಿನಗ ತುತ್ತು ಮಾಡಿ ಹಾಕ್ತಿದ್ನೇನು?" ರಜಿಯಾ ಗದರಿದಳು. "ಕೇಳಿದ್ದು ಸಿಕ್ಕೈತಿ. ಸಿಕ್ಕದ್ದನ್ನ ಕೈಯಾಗ ಹಿಡಕೋರಿ. ನನ್ನ ಸಲುವಾಗಿ ಬಿಟ್ರ ಅವಂಗ ಖುಷಿ ಆಗತೈತಿ. ಹೋಗ್ರಿ. ಬ್ಯಾಜು ಮರೀದ ಹಾಕ್ಕೋರಿ."

ಅವರು ಹೋದರು. ಹೊರಡುವ ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ನಳದ ಬಳಿಯ ಆ ಹೆಂಗಸು ರಜಿಯಾಳ ಪಕ್ಕದಲ್ಲೇ ನಿಂತಿದ್ದಳು. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ ಇಬ್ಬರೂ ಒಟ್ಟಿಗೇ ಓಣಿಗೆ ನಡೆದರು.

ಹೆಸರುಕಾಯಿ ಬಿಡಿಸುವ ಕಾಲಕ್ಕೆ ಮೈಲಾರಿ ಇನ್ನೊಮ್ಮೆ ಬಂದ. ರಜಿಯಾ ಹೊಲದಲ್ಲಿದ್ದಾಳೆಂದು ಕೇಳಿ, ಕಾರನ್ನು ದಾರಿಯಲ್ಲೇ ಬಿಟ್ಟು ಕೆಸರು ತುಳಿಯುತ್ತ ಬದುವಿಗೆ ಬಂದು ನಿಂತ. ಅವಳು ಮೇಲಿನ ಸಾಲಿನಲ್ಲಿ ಮಲ್ಲಕ್ಕನ ಜೊತೆ ಕಾಯಿ ಬಿಡಿಸುತ್ತಿದ್ದಳು.

"ಸಾಹೇಬ್ರು ಒಂದು ಮಾತು ಹೇಳ್ಯಾರ್ರಿ ಕಾಕಿ. ಅವತ್ತ ಸಿಟ್ಟಿನ್ಯಾಗ ಹೇಳಿದೆ, ತಪ್ಪಾತು ಅಂತ ನೀವು ಅಂದ್ರ ಸಾಕು, ಮುಕಾದಮಕಿ ತಿರುಗಿ ಕೊಡ್ತಾರ. ನಾನ ಮಾತಾಡಿ ಒಪ್ಪಿಸೀನಿ. ನಿಮ್ಮ ಮುಂದ ನಿಂದರಾಕ ನನಗ ಮಾರಿ ಇಲ್ಲ. ಇಷ್ಟರ ಮಾಡೂಣು ಅಂತ ಬಂದೆ."

"ನಿನ್ನ ಕೆಲಸ ಉಳೀತು?"

"ನನ್ನ ಹಳೇ ಲೆಕ್ಕಾನೂ ತಗಿಸ್ಯಾರ್ರಿ. ಒಳಗ ಬಿಡಂಗಿಲ್ಲ. ಆದ್ರ ಉಳದೈತಿ."

"ಚೊಲೋ ಆತು ಬಿಡು." ಅವಳು ಬಾಗಿದ ಬೆನ್ನನ್ನು ನೆಟ್ಟಗೆ ಮಾಡಿ, ಮಡಿಲಿನಲ್ಲಿದ್ದ ಕಾಯಿಯನ್ನು ಚೀಲಕ್ಕೆ ಸುರಿದಳು. "ಸಿಟ್ಟು ನನಗ ಅವತ್ತ ಇರಲಿಲ್ಲ ಮೈಲಾರಿ. ಶಾಂತ ಇದ್ದೆ. ಸಿಟ್ಟು ಈಗ ಬರಾಕತ್ತೈತಿ. ನಿಮ್ಮ ಸಾಹೇಬ್ರಿಗೆ ಹಂಗ ಹೇಳು."

"ಹಂಗ ಹೆಂಗ ಹೇಳ್ಲಿರಿ?"

"ನಾ ಹೇಳಿದ ಹಂಗ."

ಮಲ್ಲಕ್ಕ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಮೋಡ ಕಟ್ಟುತ್ತಿತ್ತು; ತುಂಬಿದ ಚೀಲ ಮಳೆ ಬರುವ ಮೊದಲು ಗಾಡಿ ಸೇರಬೇಕಿತ್ತು. ರಜಿಯಾ ಚೀಲದ ಬಾಯಿ ಕಟ್ಟಿ, ಬದುವಿನ ಮೇಲೆ ಸುಮ್ಮನೆ ನಿಂತಿದ್ದವನನ್ನು ನೋಡಿದಳು.

"ಬಂದ ಮ್ಯಾಲ ಖಾಲಿ ಕೈಲೆ ಯಾಕ ಹೋಗ್ತಿ? ಇದನ್ನೊಂದು ಎತ್ತಿ ಕೊಡು ಬಾ."

ಮೈಲಾರಿ ಚಪ್ಪಲಿಯನ್ನು ಬದುವಿನಲ್ಲೇ ಬಿಟ್ಟು, ಅಂಗಿಯ ತೋಳು ಮಡಚಿ, ಸಾಲಿನೊಳಗೆ ಇಳಿದ.